ಹಳೆ ಸ್ಪೋರ್ಟ್ಸ್ ಕಾರಿಗೆ ಕ್ಲಬ್ ಬೇಕಾ?

ಪ್ರಶ್ನೆ: ಸರ್, ನಾನು ಹಾಸನದವನು, ಈಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇನೆ. ಹಳೆಯ ಮಜ್ದಾ ಎಂಎಕ್ಸ್-5 ಕೊಂಡಿದ್ದೇನೆ. ಈ ಕಾರಿನ ಮಾಲೀಕರೆಲ್ಲ ಸೇರುವ ಓನರ್ಸ್ ಕ್ಲಬ್ ಸೇರೋಣ ಅಂದರೆ, ಅದೆಲ್ಲ ದುಡ್ಡಿದ್ದವರ ಜಾಗ ಅಂತ ಹಿಂಜರಿಕೆ.

ಉತ್ತರ: ಸೇರಿ ಮಾರಾಯ್ರೆ! ಅದೇನು ಫೆರಾರಿಯಾ? 1989ರಲ್ಲಿ ಬಂದ, ಮೇಲ್ಛಾವಣಿ ಮಡಚಬಹುದಾದ ಈ ಎರಡು ಸೀಟಿನ ಕಾರು, 2016ರ ಹೊತ್ತಿಗೆ 10 ಲಕ್ಷ ತಯಾರಾಗಿತ್ತು. ಹಾಗಾಗಿ ಸಾಧಾರಣ ಸಂಬಳದವರೇ ಜಾಸ್ತಿ ಸಿಗುತ್ತಾರೆ.

ನಾನೂ ಇದನ್ನೇ ಓಡಿಸುತ್ತೇನೆ. ಕ್ಲಬ್ಬಿನ ಕೂಟಕ್ಕೆ ಹೋದರೆ ಕಾರು ನಿಲ್ಲಿಸುವಷ್ಟರಲ್ಲಿ ಯಾರಾದರೂ ನೆಲಕ್ಕೆ ಮಂಡಿಯೂರಿ ಬಾಗಿಲ ಕೆಳಗೆ ಇಣುಕುತ್ತಾರೆ. ಬೇಜಾರಾಗಬೇಡಿ, ತುಕ್ಕು ನೋಡುತ್ತಿದ್ದಾರೆ. ನೀರು ಇಳಿದುಹೋಗುವ ತೂತುಗಳಲ್ಲಿ ಕಸ ಕಟ್ಟಿಕೊಂಡರೆ ಬಾಗಿಲ ಕೆಳಗಿನ ತಗಡು ಒಳಗಿಂದಲೇ ತಿಂದುಹೋಗುತ್ತದೆ. ಚಳಿಗಾಲದಲ್ಲಿ ಅಲ್ಲಿನ ರಸ್ತೆಗೆ ಉಪ್ಪು ಬೇರೆ ಹಾಕುತ್ತಾರಲ್ಲ! ತೂತು ಎಲ್ಲಿದೆ ಅಂತ ಅವರನ್ನೇ ಕೇಳಿ, ಬೆರಳಿಟ್ಟು ತೋರಿಸುತ್ತಾರೆ.

ಕ್ಲಬ್ಬಿನವರೆಲ್ಲ ಸಾಲಾಗಿ ಹೋಗುವ ಡ್ರೈವ್ ರೇಸ್ ಅಲ್ಲ. ತಿರುವಿನಲ್ಲಿ ಹಿಂದಿನ ಕಾರು ಕಾಣದಿದ್ದರೆ ಅವರಿಗೆ ದಾರಿ ತಪ್ಪದಂತೆ ಸುರಕ್ಷಿತ ಜಾಗ ನೋಡಿ ನಿಲ್ಲಿ. ಮುಂದಿನವರನ್ನು ಹಿಂದೆ ಹಾಕುವ ಆಸೆ ಬೇಡ.

ಇನ್ಶೂರೆನ್ಸ್‌ನವರಿಗೆ ಕ್ಲಬ್ ಸದಸ್ಯ ಅಂತ ಹೇಳಿ ನೋಡಿ, ಕೆಲವರು ರಿಯಾಯಿತಿ ಕೊಡುತ್ತಾರೆ. ಮತ್ತೆ, ಉಣ್ಣೆ ಟೋಪಿ ಮರೆಯಬೇಡಿ. ಮೇಲ್ಛಾವಣಿ ಮಡಚದೆ ಬಂದರೆ ಆ ಜನ ಬಿಡುವುದಿಲ್ಲ.