ಎಲ್ಲರೆದುರು ಕೊಡವಿದ ಚೀಲ

ಈ ವಾರದ ಒಂದು ಪತ್ರವನ್ನು ಓದಿ ಬದಿಗಿಡಲು ಆಗಲೇ ಇಲ್ಲ. ಬರೆದವರು ಸರ್ಕಾರಿ ಶಾಲೆಯ ಮೇಷ್ಟ್ರು. ಅವರ 7ನೇ ಕ್ಲಾಸಿನ ಹುಡುಗನೊಬ್ಬ ಪ್ರವಾಸಕ್ಕೆಂದು ಕೂಡಿಸಿಟ್ಟ ದುಡ್ಡಿನಲ್ಲಿ 300 ರೂಪಾಯಿ ಎತ್ತಿದ್ದಾನೆ. ಟಿಸಿ ಕೊಟ್ಟು ಕಳಿಸಿ ಅಂತ ಹೆಡ್‌ಮಾಸ್ಟರ್ ಪಟ್ಟು ಹಿಡಿದಿದ್ದಾರೆ. ಇವರಿಗೆ ಮನಸ್ಸಿಲ್ಲ. 1994ರಲ್ಲಿ, ಅದೇ ವಯಸ್ಸಿನಲ್ಲಿ, ಬೇಲೂರು ಹಳೇಬೀಡು ಪ್ರವಾಸದ ದುಡ್ಡನ್ನು ಇವರೂ ಕದ್ದಿದ್ದರು. ಮೇಷ್ಟ್ರು ಕ್ಷಮಿಸಿದ್ದರು. "ನಾನೂ ಕ್ಷಮಿಸಲಾ? ಸಲುಗೆ ಕೊಟ್ಟಂತಾಗುತ್ತದಾ?" ಎಂದು ಕೇಳಿದ್ದಾರೆ.

ಟಿಸಿ ವಿಷಯ ಬೇಗ ಮುಗಿಸೋಣ. ಶಿಕ್ಷಣ ಹಕ್ಕು ಕಾಯ್ದೆ 2009ರ 16ನೇ ಸೆಕ್ಷನ್ ಪ್ರಕಾರ 8ನೇ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 2019ರ ತಿದ್ದುಪಡಿ 5 ಮತ್ತು 8ನೇ ತರಗತಿಯಲ್ಲಿ ಫೇಲ್ ಮಾಡುವ ವಿಚಾರಕ್ಕೆ ಮಾತ್ರ. ಹೆಡ್‌ಮಾಸ್ಟರಿಗೆ ಇದು ಗೊತ್ತಿಲ್ಲ ಅಂದರೆ ಬೇಸರ. ಗೊತ್ತಿದ್ದೂ ಹೇಳುತ್ತಿದ್ದರೆ ಇನ್ನೂ ಜಾಸ್ತಿ ಬೇಸರ.

ಸಾರ್, ನಿಮ್ಮ ಮೇಷ್ಟ್ರು ಸಂಜೆ ನಿಮ್ಮೊಬ್ಬರನ್ನೇ ಕರೆದು, "ದುಡ್ಡು ಯಾತಕ್ಕೆ ಬೇಕಿತ್ತೋ?" ಎಂದು ಕೇಳಿದರು. ಕಡಿಮೆ ಬಿದ್ದದ್ದನ್ನು ತಮ್ಮ ಜೇಬಿನಿಂದ ಹಾಕಿದರು. ಮಾರನೇ ದಿನ ಅದೇ ಪ್ರವಾಸದ ಲೆಕ್ಕದ ನೋಟ್‌ಬುಕ್ಕನ್ನು ನಿಮ್ಮ ಕೈಗೇ ಕೊಟ್ಟರು. ಹೋಗ್ಲಿ ಬಿಡು ಅನ್ನುವುದು ಸುಲಭ. ಕದ್ದ ಕೈಗೇ ಲೆಕ್ಕ ಕೊಡಲು ಎದೆಗಾರಿಕೆ ಬೇಕು. ಇವತ್ತಿಗೂ ಬಿಸಿಯೂಟದ ಲೆಕ್ಕವನ್ನು ಎರಡು ಸಲ ಕೂಡಿಸುತ್ತೇನೆ ಅಂತ ಬರೆದಿದ್ದೀರಿ. ನಿಮ್ಮನ್ನು ತಿದ್ದಿದ್ದು ಆ ನೋಟ್‌ಬುಕ್ಕು. ನಿಮ್ಮ ಹುಡುಗನಿಗೂ ಹಾಗೇ ಮಾಡಿ, ಹೆದರಬೇಡಿ.

ನನ್ನ ನಿದ್ದೆ ಕೆಡಿಸಿದ್ದು ಬೇರೆ ಸಾಲು. "ಮೊದಲು ಪಕ್ಕದಲ್ಲಿ ಕೂರುತ್ತಿದ್ದವನ ಚೀಲ ಕೊಡವಿದ್ದರು, ಅವನ ರೊಟ್ಟಿಯೆಲ್ಲ ನೆಲಕ್ಕೆ ಬಿತ್ತು, ಆಮೇಲೆ ನಾನು ಅಂತ ಮೇಷ್ಟ್ರಿಗೆ ಗೊತ್ತಾಯಿತು." ಅಷ್ಟೇ. ಮುಂದಿನ ಸಾಲಿನಲ್ಲಿ ಮತ್ತೆ ನಿಮ್ಮ ಕಥೆ.

ಅವನ ಕಥೆ ಏನಾಯಿತು? ಅನುಮಾನ ಪಟ್ಟಿದ್ದು ಇಡೀ ಕ್ಲಾಸಿನ ಮುಂದೆ. ಕ್ಷಮಿಸಿದ್ದು ಯಾರೂ ಇಲ್ಲದಾಗ. ಇವನು ಕದ್ದಿಲ್ಲ ಅಂತ ಆ ಮಕ್ಕಳಿಗೆ ಯಾರೂ ಹೇಳಲೇ ಇಲ್ಲ. ನಿಮ್ಮ ಮಾನ ಉಳಿಸಲು ಮೇಷ್ಟ್ರು ಸುಮ್ಮನಾದರು, ಕಳ್ಳ ಅನ್ನೋ ಹೆಸರು ಅವನ ತಲೆಗೆ ಉಳಿಯಿತು. ನಿಮ್ಮ ಮೇಷ್ಟ್ರು ದೊಡ್ಡ ಮನಸ್ಸಿನವರು, ನಿಜ. ಇದರಲ್ಲಿ ಮಾತ್ರ ತಪ್ಪಿದರು.

ಆಗಿನ ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ, ಮಗು ಹೆದರಿತ್ತು. ನಲವತ್ತು ದಾಟಿದ ನಿಮ್ಮ ಮೇಲೆ ಇದೆ. ಅವನು ಊರಲ್ಲೇ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ, ಸಿಕ್ಕಾಗ ಚೆನ್ನಾಗೇ ಮಾತಾಡುತ್ತಾನೆ ಅಂತೀರಿ. ಹಾಗಂತ ಅವನು ಮರೆತಿದ್ದಾನೆ ಅಂದುಕೊಂಡಿರಾ?

ಮಕ್ಕಳ ಚೀಲಕ್ಕೆ ಎಲ್ಲರೆದುರು ಕೈ ಹಾಕಬೇಡಿ ಅಂತ ಈ ಅಂಕಣದಲ್ಲಿ ಹೇಳುತ್ತಲೇ ಬಂದಿದ್ದೇನೆ. ಈ ಸಲ ನಿಮ್ಮ ಕ್ಲಾಸಿನಲ್ಲೂ ಯಾರದಾದರೂ ಚೀಲ ಕೊಡವಿದ್ದರೆ, ಆ ಮಗು ಕದ್ದಿಲ್ಲ ಅಂತ ಅದೇ ಕ್ಲಾಸಿನಲ್ಲಿ ಜೋರಾಗಿ ಹೇಳಿ. ಕದ್ದವನ ಹೆಸರು ಹೇಳಬೇಕಿಲ್ಲ.

ಇನ್ನು ನೀವು ಮಾಡಬೇಕಾದದ್ದು ಒಂದೇ. ಈ ಭಾನುವಾರ ಅವನ ಅಂಗಡಿಗೆ ಹೋಗಿ. ಗಿರಾಕಿ ಇದ್ದರೆ ಕಾಯಿರಿ. "ಅವತ್ತು ದುಡ್ಡು ಕದ್ದಿದ್ದು ನಾನು" ಅಂತ ಹೇಳಿ. ಬೈದರೆ ಬೈಸಿಕೊಳ್ಳಿ, ಕ್ಷಮಿಸು ಅಂತ ದುಂಬಾಲು ಬೀಳಬೇಡಿ. ಅವನು ಒಪ್ಪಿದರೆ ನಿಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲೂ ಅದನ್ನೇ ಬರೆಯಿರಿ. ಅವತ್ತು ನೋಡುತ್ತಾ ಕೂತಿದ್ದವರು ಅಲ್ಲೇ ಇದ್ದಾರಲ್ಲ.