ಹಳೇ ಕಾರು, ಫೋನಿನ ಹಾಡು

ಪ್ರಶ್ನೆ: ನನ್ನ ಹಳೇ ಕಾರಿನಲ್ಲಿ ರೇಡಿಯೋ, ಕ್ಯಾಸೆಟ್ ಪ್ಲೇಯರ್ ಅಷ್ಟೇ ಇವೆ. ಫೋನಿನ ಹಾಡು ಕೇಳೋಣವೆಂದು ಎಫ್‌ಎಂ ಟ್ರಾನ್ಸ್‌ಮಿಟರ್ (ಫೋನಿನ ಹಾಡನ್ನು ಕಾರಿನ ರೇಡಿಯೋಗೆ ಕಳಿಸುವ ಸಾಧನ) ಹಾಕಿದೆ. ಬರೀ ಗೊರಗೊರ ಸದ್ದು. ಸ್ಟೀರಿಯೋನೇ ಬದಲಿಸಬೇಕಾ?

ಉತ್ತರ: ದಯವಿಟ್ಟು ಬದಲಿಸಬೇಡಿ. ಕ್ಯಾಸೆಟ್ ಪ್ಲೇಯರ್ ಇನ್ನೂ ಓಡುತ್ತಿದೆ ಅಂದರೆ ನೀವು ಅದೃಷ್ಟವಂತರು. ಒಂದು ಕ್ಯಾಸೆಟ್ ಅಡಾಪ್ಟರ್ ತನ್ನಿ. ನೋಡಲು ಮಾಮೂಲಿ ಕ್ಯಾಸೆಟ್ಟೇ, ಆದರೆ ಒಳಗೆ ಟೇಪ್ ಇರುವುದಿಲ್ಲ. ಅಂಚಿನಲ್ಲಿ ಪುಟ್ಟ ಹೆಡ್, ಜೊತೆಗೆ ಫೋನಿಗೆ ಸಿಕ್ಕಿಸಲು ಒಂದು ವೈರ್ ಇರುತ್ತವೆ. ಆ ಹೆಡ್ ಪ್ಲೇಯರಿನ ಹೆಡ್‌ಗೆ (ಟೇಪ್ ಓದುವ ಭಾಗಕ್ಕೆ) ತಾಗಿ ಕೂತು, ಫೋನಿನ ಹಾಡನ್ನು ಕಾಂತಕ್ಷೇತ್ರದ ಮೂಲಕ ದಾಟಿಸುತ್ತದೆ. ಗಾಳಿಯಲ್ಲಿ ಹೋಗುವ ಎಫ್‌ಎಂಗಿಂತ ಇದು ನನಗೆ ಎಷ್ಟೋ ಇಷ್ಟ. ಬೇರೆ ಸ್ಟೇಷನ್ ಅಡ್ಡ ಬರುವುದಿಲ್ಲ ಅಲ್ವಾ!

ಮೊದಲು ಪ್ಲೇಯರಿನ ಹೆಡ್ ಅನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ. ಹತ್ತಿಗೆ ಕಂದು ಬಣ್ಣ ಅಂಟುತ್ತದೆ, ಅದು ಹಳೇ ಟೇಪಿನ ಪುಡಿ. ಅದು ಹೋದರೆ ಸದ್ದು ತಿಳಿಯಾಗುತ್ತದೆ. ಫೋನಿನ ವಾಲ್ಯೂಮ್ ಮುಕ್ಕಾಲು ಭಾಗ ಇಟ್ಟು, ಉಳಿದದ್ದನ್ನು ಸ್ಟೀರಿಯೋದಲ್ಲಿ ಏರಿಸಿ. ಫೋನಿನಲ್ಲಿ ಹೆಡ್‌ಫೋನ್ ತೂತಿಲ್ಲದಿದ್ದರೆ ಅದಕ್ಕೊಂದು ಪುಟ್ಟ ಕನೆಕ್ಟರ್ ಬೇಕು.

ಚಾರ್ಜ್ ಮಾಡುವಾಗ ಮಾತ್ರ ಗುಂಯ್ ಅಂದರೆ ಸುಮ್ನೆ ಅಡಾಪ್ಟರ್ ಬೈಯಬೇಡಿ. ಅದು ಬಹುಶಃ ಗ್ರೌಂಡ್ ಲೂಪ್, ಅಂದರೆ ಚಾರ್ಜರ್ ಮತ್ತು ಹಾಡಿನ ವೈರ್ ಎರಡೂ ಕಡೆಯಿಂದ ಗ್ರೌಂಡ್ ಸೇರಿಕೊಂಡು ಬರುವ ಸದ್ದು. ಫೋನಿಗೂ ಅಡಾಪ್ಟರಿನ ವೈರಿಗೂ ನಡುವೆ, ಅದನ್ನು ತಡೆಯುವ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ ನೋಡಿ.