ಹಳದಿ ಮಸ್ಟರ್ಡ್‌ನಲ್ಲಿ ಖಾರ ಯಾಕಿಲ್ಲ ಅಂದ್ರೆ

ಲಂಡನ್ನಿಗೆ ಹೊಸದಾಗಿ ಬಂದಿದ್ದೀರಿ. ಅಂಗಡಿಯಿಂದ ತಂದ ಹಳದಿ ಮಸ್ಟರ್ಡ್ ಬರೀ ಹುಳಿ, ಸಾಸಿವೆಯ ಖಾರವೇ ಇಲ್ಲ, ಯಾವುದು ಕೊಳ್ಳಲಿ ಅಂತ ಕೇಳಿದ್ದೀರಿ. ಒತ್ತಿ ಹಿಂಡುವ ಆ ಬಾಟಲಿಯದು ಅಮೆರಿಕದ ಬಗೆ. ಮೂಗಿಗೆ ಹತ್ತದ ಬಿಳಿ ಸಾಸಿವೆ, ಜಾಸ್ತಿ ವಿನಿಗರ್, ಬಣ್ಣಕ್ಕೆ ಅರಿಶಿನ. ಹಾಟ್ ಡಾಗ್‌ಗೆ ಸರಿ. ನಾನು ಹತ್ತಕ್ಕೆ 4 ಕೊಡ್ತೀನಿ.

ಹೋದ ಭಾನುವಾರ ಮಗಳ ಜೊತೆ ಕೂತು ನಾಲ್ಕು ಬಗೆಯನ್ನು ಬೇಯಿಸಿದ ಆಲೂಗಡ್ಡೆಗೆ ಹಚ್ಚಿ ತಿಂದು ನೋಡಿದೆ. ಇಂಗ್ಲಿಷ್ ಮಸ್ಟರ್ಡ್‌ನ ಬ್ರ್ಯಾಂಡ್ ಕೋಲ್‌ಮನ್ಸ್ ಹಚ್ಚಿದ ತುಂಡು ಬಾಯಿಗಿಟ್ಟರೆ ಒಂದೆರಡು ಕ್ಷಣ ಏನೂ ಇಲ್ಲ. ಆಮೇಲೆ ಮೂಗಿನಿಂದ ಸೀದಾ ನೆತ್ತಿಗೆ ಹತ್ತಿತು ನೋಡಿ! ಇಬ್ಬರೂ ಕಣ್ಣೊರೆಸಿಕೊಂಡು ನಕ್ಕಿದ್ದೇ ನಕ್ಕಿದ್ದು. ಮಾವಿನಹಣ್ಣಿನ ಸಾಸ್ಮೆಗೆ ಅಮ್ಮ ಹಸಿ ಸಾಸಿವೆ ಅರೆಯುವಾಗ ಏಳುವ ಘಾಟು ಇದೆಯಲ್ಲ, ಅದೇ. ಹತ್ತಕ್ಕೆ 9. ಫ್ರಾನ್ಸಿನ ಬಗೆಯಾದ ಡಿಜಾನ್‌ಗೆ 8, ಖಾರ ಇದ್ದರೂ ಹದವಾಗಿದೆ, ಸ್ಯಾಂಡ್‌ವಿಚ್‌ಗೆ ಅದೇ ವಾಸಿ. ಇಡೀ ಕಾಳಿನದಕ್ಕೆ 7. ಕಾಳು ಹಲ್ಲಿಗೆ ಸಿಕ್ಕಿ ಒಡೆಯುವುದೇ ಅದರ ಸೊಗಸು.

ನಿಮಗೆ ಊರಿನ ಘಾಟೇ ಬೇಕು ಅಂದ್ರೆ ಕೋಲ್‌ಮನ್ಸ್ ಪುಡಿಯ ಹಳದಿ ಡಬ್ಬಿ ತನ್ನಿ. ತಣ್ಣೀರಲ್ಲಿ ಕಲಸಿ 10 ನಿಮಿಷ ಬಿಡಿ. ಕುದಿಯುವ ನೀರು ಮಾತ್ರ ಬೇಡ, ಖಾರ ಹುಟ್ಟಿಸುವ ಕಿಣ್ವ ಬಿಸಿಗೆ ಕೆಟ್ಟುಹೋಗುತ್ತದೆ. ಒಗ್ಗರಣೆಯ ಸಾಸಿವೆ ಮೂಗಿಗೆ ಹತ್ತದಿರುವುದೂ ಅದಕ್ಕೇ. ಆಗಾಗ ಸ್ವಲ್ಪವೇ ಕಲಸಿಕೊಳ್ಳಿ, ಇಟ್ಟಷ್ಟೂ ಘಾಟು ಇಳಿಯುತ್ತದೆ.